ಕೀಲಿ ನನ್ನದು, ಮ್ಯಾಪ್ ಅವನದು

ಸ್ಟೀಲ್ ಡಬ್ಬಿಗೆ ಒಂದು ಹಿಡಿ ಕಡಲೆಕಾಳು ಹಾಕಿ, ಮುಚ್ಚಳ ಮುಚ್ಚಿ ಅಲ್ಲಾಡಿಸಿದರೆ ಬರುತ್ತದಲ್ಲ, ಅಂಥ ಸದ್ದು. ಲಾಕ್‌ಡೌನಿನ ಮೊದಲ ತಿಂಗಳುಗಳಲ್ಲಿ ಮಲೇಷ್ಯಾದ ಪುಚೊಂಗಿನ ನಮ್ಮ ಕಾಂಡೋದ, ಅಂದರೆ ಅಪಾರ್ಟ್‌ಮೆಂಟಿನ, ಬೇಸ್‌ಮೆಂಟಿನಿಂದ ಕಾರನ್ನು ಏರಿನಲ್ಲಿ ಮೇಲಕ್ಕೆ ತರುವಾಗಲೆಲ್ಲ ಬಾನೆಟ್ಟಿನ ಕೆಳಗಿನಿಂದ ಅದು ಕೇಳುತ್ತಿತ್ತು. ಬೇರೆ ದಿನಗಳಾಗಿದ್ದರೆ ಟ್ರಾಫಿಕ್ಕಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತೋ ಏನೋ. ಆಗ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ತಲೆಯ ಮೇಲೆ ಎಲ್‌ಆರ್‌ಟಿ ರೈಲು ಖಾಲಿ ಹೋಗುವುದೂ ಕೇಳುತ್ತಿತ್ತು, ನನ್ನ ಕಾರಿನ ಕಡಲೆಕಾಳೂ ಕೇಳುತ್ತಿತ್ತು.

ಹಿಂದಿನ ಸೀಟಿನಲ್ಲಿ ಕೂತ ಟೀಚರ್ ಪ್ರತಿ ಸಲವೂ ಕೇಳುತ್ತಿದ್ದರು. "ಅಕ್ಕಾ, ನಿಮ್ಮ ಇಂಜಿನ್ ಯಾಕೆ ಹಲ್ಲು ಕಡಿಯುತ್ತೆ? ನನ್ನ ಮೇಲೆ ಕೋಪವಾ?"

"ನಿಮ್ಮ ಮೇಲಲ್ಲ, ನನ್ನ ಮೇಲೆ," ಎನ್ನುತ್ತಿದ್ದೆ.

ಟೀಚರ್ ಎಂದರೆ ನಮ್ಮ ಎದುರು ಬಾಗಿಲಿನವರು. ಇಲ್ಲೇ ಹುಟ್ಟಿ ಬೆಳೆದ ತಮಿಳರು, ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದವರು, ನನಗಿಂತ ಎರಡು ವರ್ಷ ಚಿಕ್ಕವರು. ನಮ್ಮಿಬ್ಬರ ಮಾತು ಅರ್ಧ ಇಂಗ್ಲಿಷು, ಅರ್ಧ ಅವರ ತಮಿಳು. ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪೆಟಾಲಿಂಗ್ ಜಯಾದ ಡಯಾಲಿಸಿಸ್ ಸೆಂಟರಿನಲ್ಲಿ ಇರಬೇಕು. ಮೊದಲು ಸೆಂಟರಿನದೇ ವ್ಯಾನು ಬರುತ್ತಿತ್ತು. ಪೇಷಂಟುಗಳು ಒಟ್ಟಿಗೆ ಕೂರಬಾರದು ಎಂದು ಅದು ನಿಂತಿತು. ಮಗ ಸಿಂಗಾಪುರದಲ್ಲಿದ್ದ, ಗಡಿ ಮುಚ್ಚಿತು. ಫೋನಿನಲ್ಲಿ ಟ್ಯಾಕ್ಸಿ ಬುಕ್ ಮಾಡಿದರೆ ಹೋಗಬೇಕಾದ ಜಾಗ ನೋಡಿಯೇ ಡ್ರೈವರುಗಳು ಕ್ಯಾನ್ಸಲ್ ಮಾಡುತ್ತಿದ್ದರು. ಉಳಿದವಳು ನಾನು, ಎಪ್ಪತ್ತೆರಡು ವರ್ಷದ ವಿಧವೆ, ಮತ್ತು ನಮ್ಮವರ ಕಾರು.

ನಮ್ಮವರ ಕಾರು ಎಂದು ಬರೆದುಬಿಟ್ಟೆ ನೋಡಿ. ಎಲ್ಲರೂ ಹಾಗೆ ಅಂದೂ ಅಂದೂ ನನ್ನ ಕೈಯಲ್ಲೂ ಅದೇ ಬರುತ್ತದೆ. ಕಾರು ನನ್ನದು. ಗ್ರಾಂಟ್, ಅಂದರೆ ಇಲ್ಲಿನ ಆರ್‌ಸಿ ಪುಸ್ತಕ, ನನ್ನ ಹೆಸರಿನಲ್ಲಿದೆ. ನಮ್ಮವರು ಫ್ಯಾಕ್ಟರಿಯಿಂದ ರಿಟೈರ್ ಆದ ವರ್ಷ ಜಪಾನಿನಿಂದ ಹಡಗಿನಲ್ಲಿ ಬಂದ ಈ ಸೆಕೆಂಡ್‌ಹ್ಯಾಂಡ್ ಕಾರನ್ನು ತಂದು ನಿಲ್ಲಿಸಿ, "ವೆಡ್ಡಿಂಗ್ ಆ್ಯನಿವರ್ಸರಿ ಪ್ರೆಸೆಂಟ್, ನಿನಗೆ," ಎಂದರು. ಟರ್ಬೋ ಇಂಜಿನ್, ಕೈಯಲ್ಲಿ ಬದಲಿಸುವ ಗೇರು, ಹಿಂಬದಿಗೆ ಇಸ್ತ್ರಿ ಟೇಬಲ್ಲಿನಂಥ ರೆಕ್ಕೆ. ನನ್ನ ಪ್ರೆಸೆಂಟನ್ನು ಅವರಿದ್ದಷ್ಟು ಕಾಲ ನಾನು ನಾಲ್ಕು ಸಲ ಓಡಿಸಿದ್ದೇನೆ. ಅವರು ಹೋದ ಮೇಲೆ ಕಾರು ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದ್ದು ಮಲಗಿತು. ಸೈಬರ್‌ಜಯಾದಿಂದ ಅಳಿಯ ಭಾನುವಾರ ಬಂದು, ದೇವರ ಮುಂದೆ ದೀಪ ಹಚ್ಚಿದ ಹಾಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟು ಹೋಗುತ್ತಿದ್ದ. ನನ್ನದೇ ಸಣ್ಣ ಕಾರೊಂದಿತ್ತು. ಅದನ್ನು ಮಗಳು "ಇನ್ಮೇಲೆ ನಿಂಗ್ಯಾಕಮ್ಮ ಡ್ರೈವಿಂಗ್" ಎಂದು ಮಾರಿಸಿದ್ದಳು. ಒಳ್ಳೆಯದಕ್ಕೇ ಅಂದಳು. ನನ್ನ ಒಳ್ಳೆಯದನ್ನು ಎಲ್ಲರೂ ನನ್ನನ್ನು ಕೇಳದೆಯೇ ಮಾಡುತ್ತಾರೆ.

ಈ ಕಾರಿನ ತಲೆಯ ವಿಷಯ ಸ್ವಲ್ಪ ಹೇಳಬೇಕು. ಇಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ, ಟರ್ಬೋ ಎಷ್ಟು ಗಾಳಿ ಒತ್ತಬೇಕು ಎಂಬುದನ್ನೆಲ್ಲ ಒಂದು ಕಂಪ್ಯೂಟರು ನೋಡಿಕೊಳ್ಳುತ್ತದೆ. ಅದರೊಳಗಿನ ಅಂಕಿಗಳ ಕೋಷ್ಟಕಕ್ಕೆ ಮ್ಯಾಪ್ ಎಂದು ಹೆಸರು. ನಮ್ಮವರು ಪೆಟಾಲಿಂಗ್ ಜಯಾದ ಒಬ್ಬ ಟ್ಯೂನರ್ ಹತ್ತಿರ ಆ ಮ್ಯಾಪನ್ನು ಹೊಸದಾಗಿ ಬರೆಸಿದ್ದರು, ಹಾರ್ಸ್‌ಪವರ್ ಜಾಸ್ತಿ ಬರಲಿ ಎಂದು. ಅದು ನೂರು ಆಕ್ಟೇನಿನ ದುಬಾರಿ ಪೆಟ್ರೋಲಿಗೆ ಬರೆದ ಮ್ಯಾಪು. ನೂರು ಸಿಗುವ ಪಂಪು ನಮ್ಮಿಂದ ದೂರ. ಲಾಕ್‌ಡೌನಿನಲ್ಲಿ ಹತ್ತು ಕಿಲೋಮೀಟರಿನ ಆಚೆ ಹೋಗುವ ಹಾಗಿರಲಿಲ್ಲ. ನನ್ನ ಹತ್ತಿರ ಇದ್ದ ಅನುಮತಿ ಪತ್ರ ಟೀಚರ ಡಯಾಲಿಸಿಸ್ಸಿಗೆ, ನನ್ನ ಕಾರಿನ ಹೊಟ್ಟೆಪಾಡಿಗಲ್ಲ. ಹಾಗಾಗಿ ಎಲ್ಲರೂ ಹಾಕಿಸುವ ತೊಂಬತ್ತೈದನ್ನೇ ನಾನೂ ಹಾಕಿಸಿದೆ. ಅದಕ್ಕೇ ಆ ಕಡಲೆಕಾಳು. ಇಂಜಿನ್ನಿನೊಳಗೆ ಪೆಟ್ರೋಲು ತನ್ನ ಸಮಯಕ್ಕೆ ಮುಂಚೆಯೇ ಹೊತ್ತಿಕೊಳ್ಳುತ್ತಿತ್ತು.

ಎರಡನೆಯ ವಾರ ಹೆದ್ದಾರಿಯ ಮಧ್ಯದಲ್ಲಿ ಕಾರು ಸೋತಿತು. ಕಂಪ್ಯೂಟರು ಇಂಜಿನ್ ಉಳಿಸಿಕೊಳ್ಳಲು ತಾನೇ ಶಕ್ತಿ ಕಡಿತ ಮಾಡಿಬಿಟ್ಟಿತು. ಎಷ್ಟು ಒತ್ತಿದರೂ ಮೂವತ್ತು, ನಲವತ್ತು. ಲಾರಿಗಳು ಹಾರನ್ ಹೊಡೆಯುತ್ತಾ ದಾಟಿಹೋದವು. ಸೆಂಟರ್ ಮುಟ್ಟುವಾಗ ಮುಕ್ಕಾಲು ಗಂಟೆ ತಡ.

ನರ್ಸು ಒಳ್ಳೆಯವಳೇ. ಆದರೂ ಹೇಳಿದಳು, "ಹನ್ನೊಂದೂವರೆಗೆ ಈ ಮೆಷೀನಿಗೆ ಇನ್ನೊಬ್ಬರು ಬರ್ತಾರೆ ಆಂಟಿ. ಟೀಚರಿಗೆ ಇವತ್ತು ಮೂರೂಕಾಲು ಗಂಟೆ ಮಾತ್ರ."

ಮುಕ್ಕಾಲು ಗಂಟೆ ಕಡಿಮೆ ಎಂದರೆ ಏನೆಂದು ಅಂದು ಸಂಜೆ ನೋಡಿದೆ. ಟೀಚರ ಪಾದಗಳು ಚಪ್ಪಲಿಗೆ ಹಿಡಿಸಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಎರಡು ದಿನ ಕುರ್ಚಿಯಲ್ಲೇ ಕೂತು ಕಳೆದರು. ಆ ಕಾರು ಸಮಯಕ್ಕೆ ಸರಿಯಾಗಿ ಓಡುವುದು ಬಿಟ್ಟರೆ ನನಗೆ ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ.

ಟ್ಯೂನರಿಗೆ ಫೋನ್ ಮಾಡಿದೆ. ಮೂವತ್ತು ದಾಟದ ಚೀನೀ ಯುವಕ, ನಮ್ಮವರು ಇದ್ದಾಗ ಎರಡು ಸಲ ನನ್ನ ಕೈಯ ಬಿಸಿಬೇಳೆಬಾತ್ ಉಂಡವನು.

"ಆಂಟಿ, ದಿಸ್ ಒನ್ ವೆರಿ ಟೆಕ್ನಿಕಲ್ ಲಾ," ಎಂದ, ಇಲ್ಲಿಯವರು ಮಾತಿನ ಕೊನೆಗೆಲ್ಲ ಅಂಟಿಸುವ 'ಲಾ' ಸೇರಿಸಿ. "ಯು ಆಸ್ಕ್ ಯುವರ್ ಸನ್-ಇನ್-ಲಾ ಕಾಲ್ ಮಿ."

"ಕಾರು ಓಡಿಸುತ್ತಿರುವವಳು ನಾನು. ನನಗೇ ಹೇಳು."

"ನೆವರ್ ಮೈಂಡ್, ನೆವರ್ ಮೈಂಡ್. ಐ ವಾಟ್ಸ್ಆ್ಯಪ್ ಹಿಮ್."

ಹಾಗೆಯೇ ಮಾಡಿದ. ನನ್ನ ಕಾರಿಗೆ ಏನೇನು ಮಾಡಬಹುದು ಎಂಬ ಪಟ್ಟಿ ಸೈಬರ್‌ಜಯಾಕ್ಕೆ ಹೋಗಿ, ಅಲ್ಲಿಂದ ಮಗಳಿಗೆ ಹೋಗಿ, ಅವಳಿಂದ ನನಗೆ ಬಂತು. ಇದ್ದ ಕಂಪ್ಯೂಟರಿನಲ್ಲೇ ಮ್ಯಾಪ್ ತಿದ್ದಿ ಬರೆಯುವುದು ಒಂದು. ಎರಡನೆಯದಕ್ಕೆ ಪಿಗ್ಗಿಬ್ಯಾಕ್ ಎನ್ನುತ್ತಾರೆ: ಕಂಪ್ಯೂಟರಿಗೂ ಇಂಜಿನ್ನಿಗೂ ನಡುವೆ ಒಂದು ಸಣ್ಣ ಡಬ್ಬಿ ಇಟ್ಟು, ಆ ಡಬ್ಬಿಯಿಂದ ಕಂಪ್ಯೂಟರಿಗೆ ಸುಳ್ಳು ಹೇಳಿಸುವುದು. ಗಾಳಿ ಇಷ್ಟು ಬಂದರೆ ಅಷ್ಟೇ ಬಂತು ಎನ್ನುವುದು, ಮದುವೆ ದಲ್ಲಾಳಿಯ ಕೆಲಸ. ಮೂರನೆಯದು ಹಳೆಯದನ್ನು ಕಿತ್ತೆಸೆದು ಪೂರ್ತಿ ಹೊಸ ಕಂಪ್ಯೂಟರು ಕೂರಿಸುವುದು. ಎರಡು ವಾರ ಕಾರು ವರ್ಕ್‌ಶಾಪಿನಲ್ಲಿರಬೇಕು. ಟ್ಯೂನರಿನ ಸಲಹೆ ಮೂರನೆಯದು. ಅಳಿಯನ ಸಲಹೆ ಎರಡನೆಯದು. ಮಗಳ ಸಲಹೆ, "ಯಾಕಮ್ಮ ಇದೆಲ್ಲ, ಟೀಚರ್ ಮಗನಿಗೆ ಏನಾದ್ರೂ ಅರೇಂಜ್ ಮಾಡೋಕೆ ಹೇಳು." ಎರಡು ವಾರ ಎಂದರೆ ಆರು ಡಯಾಲಿಸಿಸ್. ಅದನ್ನು ಲೆಕ್ಕ ಹಾಕಿದವರು ಯಾರೂ ಇಲ್ಲ.

ಅಷ್ಟು ದಿನ ಒಂದು ಗಂಟೆ ಮುಂಚೆಯೇ ಹೊರಟು ನಿಧಾನವಾಗಿ ಓಡಿಸಿದೆ. ವರ್ಕ್‌ಶಾಪುಗಳು ಅರ್ಧ ದಿನ ತೆರೆಯಲು ಬಿಟ್ಟ ವಾರ, ಟೀಚರನ್ನು ಮೆಷೀನಿಗೆ ಒಪ್ಪಿಸಿ ನೇರವಾಗಿ ಟ್ಯೂನರಿನ ವರ್ಕ್‌ಶಾಪಿಗೇ ಹೋದೆ. ಸೆಂಟರಿನೊಳಗೆ ನನ್ನನ್ನು ಬಿಡುತ್ತಿರಲಿಲ್ಲ. ನಾಲ್ಕು ಗಂಟೆ ಪಾರ್ಕಿಂಗಿನಲ್ಲಿ ಬೇಯುವ ಬದಲು ಬೇರೆಯವರನ್ನು ಬೇಯಿಸೋಣ ಎಂದುಕೊಂಡೆ. ಶಟರು ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆ.

"ನನಗೆ ಮೂರರಲ್ಲಿ ಯಾವುದೂ ಬೇಡ," ಎಂದೆ ಇಂಗ್ಲಿಷಿನಲ್ಲಿ. "ಜಪಾನಿನಿಂದ ಬಂದಾಗ ಒಳಗೆ ಏನಿತ್ತೋ ಅದನ್ನು ವಾಪಸ್ ಹಾಕು. ಕಾರು ಮಾಡಿದವರು ಬುದ್ಧಿ ಇಲ್ಲದೆ ಬರೆದಿರುವುದಿಲ್ಲ."

ಅವನು ಮಾಸ್ಕ್ ಸರಿಮಾಡಿಕೊಂಡ. "ಒರಿಜಿನಲ್ ನೋ ಮೋರ್ ಅಲ್ರೆಡಿ, ಆಂಟಿ. ದಟ್ ಟೈಮ್ ನೆವರ್ ಸೇವ್."

"ಹೊಸದು ಬರೆಯುವ ಮುಂಚೆ ಹಳೆಯದರ ಕಾಪಿ ಇಟ್ಟುಕೊಳ್ಳಲಿಲ್ಲವೇ?"

"ನೋಬಡಿ ಆಸ್ಕ್ ಫಾರ್ ಒರಿಜಿನಲ್ ಬ್ಯಾಕ್ ಲಾ. ಎವ್ರಿಬಡಿ ವಾಂಟ್ ಮೋರ್."

ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಲಂಗವೋ ಬ್ಲೌಸೋ ಬಿಗಿ ಮಾಡುವಾಗ ಒಳಗಿನ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಎಸೆದವರಿಗೆ ಬೆರಳ ಗಂಟಿನ ಮೇಲೆ ಸ್ಕೇಲಿನ ಏಟು. ನಾಳೆ ಅದನ್ನು ಬಿಚ್ಚಿ ಸಡಿಲ ಮಾಡಬೇಕಾದವಳು ಇನ್ಯಾವಳೋ ಇರುತ್ತಾಳೆ, ಅವಳಿಗೂ ಒಂದಿಂಚು ಬಿಡು ಎನ್ನುತ್ತಿದ್ದರು. ಆ ಸಿಸ್ಟರ್ ಈ ವರ್ಕ್‌ಶಾಪಿಗೆ ಒಂದು ಬೆಳಿಗ್ಗೆ ಬಂದಿದ್ದರೆ ಸಾಕಿತ್ತು.

"ಹಾಗಾದರೆ ಬೇರೆ ಟ್ಯೂನರ್ ಹತ್ತಿರ ಬರೆಸಿಕೊಳ್ಳುತ್ತೇನೆ," ಎಂದೆ.

"ಕೆನಾಟ್. ಐ ಲಾಕ್ ಅಲ್ರೆಡಿ. ಮೈ ಮ್ಯಾಪ್. ಅದರ್ ಪೀಪಲ್ ಕಾಪಿ, ಹೌ?"

ನನಗೆ ಮೈಯೆಲ್ಲ ಉರಿಯಿತು. ಕಾರು ನನ್ನದು, ರೋಡ್ ಟ್ಯಾಕ್ಸ್ ನನ್ನ ಹೆಸರಿನದು, ಅದರ ತಲೆಗೆ ಮಾತ್ರ ಇವನು ಬೀಗ ಹಾಕಿಟ್ಟಿದ್ದಾನೆ.

"ಈ ಕಾರು ಯಾರದು?" ಎಂದು ಕೇಳಿದೆ.

"ಅಂಕಲ್ಸ್ ಕಾರ್."

ಬ್ಯಾಗಿನಿಂದ ಗ್ರಾಂಟ್ ತೆಗೆದು ಅವನ ಕೌಂಟರಿನ ಮೇಲೆ ಹರಡಿದೆ. ನೋಡಿದ. ತಲೆ ಕೆರೆದುಕೊಂಡ.

"ಸರಿ. ಈಗ ತೊಂಬತ್ತೈದರ ಪೆಟ್ರೋಲಿಗೆ, ತಣ್ಣಗೆ, ಸದ್ದಿಲ್ಲದೆ ಓಡುವ ಒಂದು ಮ್ಯಾಪ್ ಬರೆದು ಕೊಡು. ಹಾರ್ಸ್‌ಪವರ್ ಅರ್ಧವಾದರೂ ನನಗೆ ಚಿಂತೆಯಿಲ್ಲ. ಏಸಿ ಓಡಬೇಕು, ಏರು ಹತ್ತಬೇಕು, ಪೇಷಂಟನ್ನು ಏಳಕ್ಕೆ ಮುಟ್ಟಿಸಬೇಕು."

ಆಗ ಅವನು ನಿಜ ಬಾಯಿಬಿಟ್ಟ. "ಐ ಡೋಂಟ್ ಡು ನೈಂಟಿಫೈವ್ ಟ್ಯೂನ್, ಆಂಟಿ. ಮೈ ಸ್ಟಿಕರ್ ಆನ್ ದ ಕಾರ್. ಪೀಪಲ್ ಸೀ ಮೈ ಸ್ಟಿಕರ್, ಕಾರ್ ಸೋ ಸ್ಲೋ, ಮೈ ನೇಮ್ ಸ್ಪಾಯಿಲ್."

ಸೀದಾ ಹೊರಗೆ ಹೋದೆ. ಕಾರಿನ ಹಿಂಬದಿಯ ಗಾಜಿನ ಮೂಲೆಯಲ್ಲಿ ಅಂಗೈ ಅಗಲದ ಅವನ ಸ್ಟಿಕರಿತ್ತು, ಕೆಂಪು ಅಕ್ಷರ, ಬೆಂಕಿಯ ಚಿತ್ರ. ಉಗುರಿನಿಂದ ಕೆರೆಯಲು ಶುರುಮಾಡಿದೆ. ಬಿಸಿಲಿಗೆ ಬೆಂದು ಕಚ್ಚಿಕೊಂಡಿತ್ತು, ಸುಲಭಕ್ಕೆ ಬರಲಿಲ್ಲ. ಮನೆಯ ಬೀಗದ ಕೈ ತೆಗೆದೆ. ಅವನು ಬಾಗಿಲಲ್ಲಿ ನಿಂತು ನೋಡಿದ, ಅವನ ಮೆಕ್ಯಾನಿಕ್ಕುಗಳಿಬ್ಬರೂ ಬಂದು ನಿಂತು ನೋಡಿದರು. ಕಾಲು ಗಂಟೆ ಹಿಡಿಯಿತು. ಉಂಡೆಯಾದ ಸ್ಟಿಕರನ್ನು ತಂದು ಗ್ರಾಂಟಿನ ಪಕ್ಕ ಇಟ್ಟೆ.

"ಈಗ ನಿನ್ನ ನೇಮ್ ಸೇಫ್. ಬರಿ."

ಒಬ್ಬ ಮೆಕ್ಯಾನಿಕ್ಕು ಕೆಮ್ಮಿದ ಹಾಗೆ ಮಾಡಿ ನಕ್ಕ. ಟ್ಯೂನರ್ ಒಪ್ಪಿದ. ಅವನು ಹೇಳಿದ ಕ್ರಮ ಇದು: ಬೇರೆ ಮನೆಯವನು ನನ್ನ ಕಾರಿನಲ್ಲಿ ಕೂರುವ ಹಾಗಿಲ್ಲ, ಆದ್ದರಿಂದ ಅವನು ಮ್ಯಾಪನ್ನು ಈಮೇಲಿನಲ್ಲಿ ಕಳಿಸುತ್ತಾನೆ, ನಾನು ನಮ್ಮವರ ಲ್ಯಾಪ್‌ಟಾಪಿನಿಂದ ಕೇಬಲ್ ಹಾಕಿ ಕಾರಿನೊಳಗೆ ಬರೆಯಬೇಕು, ಆಮೇಲೆ ಓಡಿಸಿ, ಇಂಜಿನ್ನಿನ ಅಂಕಿಗಳನ್ನೆಲ್ಲ ದಾಖಲಿಸಿ ಅವನಿಗೆ ವಾಪಸ್ ಕಳಿಸಬೇಕು. "ವೆನ್ ರೈಟಿಂಗ್, ಡೋಂಟ್ ಟಚ್ ಕೀ. ಪವರ್ ಕಟ್, ಇಸಿಯು ಡೈ," ಎಂದು ಮೂರು ಸಲ ಹೇಳಿದ. ಇಸಿಯು ಎಂದರೆ ಕಾರಿನ ಆ ಕಂಪ್ಯೂಟರೇ.

ಮರುದಿನ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಬರೆದೆ. ಆರು ನಿಮಿಷ. ತೆರೆಯ ಮೇಲೆ ಒಂದು ಹಸಿರು ಪಟ್ಟಿ ಇರುವೆಯ ಹಾಗೆ ಸರಿಯುತ್ತಿತ್ತು. ಅರ್ಧಕ್ಕೆ ಬಂದಾಗ ಕಾಂಡೋದ ಗಾರ್ಡು ಕಿಟಕಿ ತಟ್ಟಿ ಟೆಂಪರೇಚರ್ ನೋಡುವ ಬಂದೂಕು ತೋರಿಸಿದ. ಅಲುಗಾಡಬೇಡ ಎಂದು ಕೈ ಅಡ್ಡ ಹಿಡಿದೆ. ಅವನು ಹೆದರಿ ನಿಂತೇಬಿಟ್ಟ. ನಾನು ಕಾನ್ವೆಂಟಿನ ಅಭ್ಯಾಸಕ್ಕೆ ಮೊದಲು ಹೈಲ್ ಮೇರಿ ಹೇಳಿ, ಆಮೇಲೆ ನಾಚಿಕೆಯಾಗಿ ಮನೆದೇವರನ್ನೂ ನೆನೆದೆ. ಪಟ್ಟಿ ತುಂಬಿತು. ಕಾರು ಸ್ಟಾರ್ಟ್ ಆಯಿತು.

ಅಂಕಿ ದಾಖಲಿಸಲು ಕಾರ್ಖಾನೆಗಳ ಹಿಂದಿನ ಖಾಲಿ ರಸ್ತೆಗೆ ಹೋಗುವಾಗ ಪೊಲೀಸರು ತಡೆದರು. ಆಗ ಮನೆಯ ಯಜಮಾನ ಮಾತ್ರ ಹೊರಗೆ ಬರಬಹುದು ಎಂದು ರೂಲ್ ಇತ್ತು. ಪೊಲೀಸಿನವನು ಒಳಗೆ ಬಗ್ಗಿ ನೋಡಿದ: ಸೀರೆ ಉಟ್ಟ ಮುದುಕಿ, ಪಕ್ಕದ ಸೀಟಿನಲ್ಲಿ ತೆರೆದ ಲ್ಯಾಪ್‌ಟಾಪು, ಅದರಿಂದ ಡ್ಯಾಶ್‌ಬೋರ್ಡಿನ ಕೆಳಗೆ ಇಳಿದ ವೈರು.

"ಮನೆಯ ಯಜಮಾನ ಎಲ್ಲಿ, ಆಂಟಿ?" ಎಂದು ಮಲಯ ಭಾಷೆಯಲ್ಲಿ ಕೇಳಿದ.

"ಎದುರಿಗೇ ಇದ್ದೇನೆ."

"ಇದೇನು?"

"ಕಾರಿಗೆ ಇಸಿಜಿ."

ಅವನು ತನ್ನ ಜೊತೆಯವನನ್ನು ನೋಡಿದ. ಸೆಂಟರಿನ ಪತ್ರ ತೋರಿಸಿದೆ. ಮೂರು ಸಲ ಓದಿ, ಕೈ ಬೀಸಿದ. ನಾನು ಕಾರ್ಖಾನೆಗಳ ಹಿಂದೆ ಹೋಗಿ, ಮೂರನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿದೆ. ಹಾಳು ಕಡಲೆಕಾಳು ಮೊದಲಿನಷ್ಟೇ ಕೇಳಿತು.

ಮನೆಗೆ ಬಂದು ಅಂಕಿಗಳನ್ನು ನೋಡುತ್ತಾ ಕೂತೆ. ನನಗೆ ಇಂಜಿನಿಯರಿಂಗ್ ಬರುವುದಿಲ್ಲ, ಆದರೆ ಹೋಲಿಸಿ ನೋಡಲು ಬರುತ್ತದೆ. ನಮ್ಮವರ ಹಳೆಯ ದಾಖಲೆಗಳು ಅದೇ ಲ್ಯಾಪ್‌ಟಾಪಿನಲ್ಲಿದ್ದವು. ಟರ್ಬೋ ಒತ್ತುವ ಗಾಳಿಯ ಅಂಕಿ ಎರಡರಲ್ಲೂ ಒಂದೇ. ಏನೂ ಬದಲಾಗಿರಲಿಲ್ಲ. ಅವನು ಹಳೆಯ ಮ್ಯಾಪಿಗೇ ಹೊಸ ಹೆಸರಿಟ್ಟು ಕಳಿಸಿದ್ದ.

ಫೋನ್ ಮಾಡಿದೆ. ಸ್ವಲ್ಪ ಹೊತ್ತು ಆಂಟಿ ಆಂಟಿ ಎಂದು ರಾಗ ಎಳೆದು, ಕೊನೆಗೆ ಹೇಳಿದ. "ಯುವರ್ ಸನ್-ಇನ್-ಲಾ ಮೆಸೇಜ್ ಮಿ. ಹಿ ಸೇ ಡೋಂಟ್ ಚೇಂಜ್ ಅಂಕಲ್ಸ್ ಟ್ಯೂನ್. ಬಯರ್ ವಾಂಟ್ ದ ಹಾರ್ಸ್‌ಪವರ್."

ಬಯರ್. ಕೊಳ್ಳುವವನು. ನನ್ನ ಕಾರಿಗೆ ಕೊಳ್ಳುವವನೊಬ್ಬ ಇದ್ದಾನೆ ಎಂದು ನನಗೆ ತಿಳಿದದ್ದು ಹೀಗೆ.

ಅಳಿಯ ಹುಬ್ಬಳ್ಳಿ ಕಡೆಯವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈಯುವುದು ಸುಲಭವಿತ್ತು.

"ಅತ್ತಿ, ಸಿಟ್ಟ ಮಾಡ್ಕೋಬ್ಯಾಡ್ರಿ," ಎಂದ. "ಅದು ಮಾವನವರ ನೆನಪು ಐತ್ರಿ. ಅವರು ಎಷ್ಟ ಆಸಿಪಟ್ಟು ಮಾಡ್ಸಿದ ಟ್ಯೂನ್ ಅದು. ಅಳಿಸಿಬಿಟ್ರ ಹೆಂಗ?"

"ನೆನಪು ಅಂದ್ಮೇಲೆ ಮಾರೋಕೆ ಯಾಕೆ ಇಟ್ಟಿದ್ದೀರಿ?"

"ಹಂಗಲ್ರೀ. ಮುಂದ ಯಾವಾಗರ ಅಂತ. ಹಾರ್ಸ್‌ಪವರ್ ಕಡಿಮಿ ಆತಂದ್ರ ಯಾರೂ ತಗೊಳಂಗಿಲ್ರಿ."

"ಒಂದು ದಿನ ತಡವಾದ್ರೂ ಎದುರು ಮನೆಯವರು ಕುರ್ಚೀಲಿ ಕೂತೇ ಉಸಿರಾಡ್ಬೇಕು. ನಿಮ್ಮ ಮಾವನವರು ಇದ್ದಿದ್ದರೆ ಆ ಟ್ಯೂನನ್ನ ತಾವೇ ಅಳಿಸ್ತಿದ್ರು."

ಹಾಗೆಂದು ಹೇಳಿದೆನೇ ಹೊರತು ನನಗೇ ಖಾತ್ರಿಯಿರಲಿಲ್ಲ. ಅವರು ಅಳಿಸುತ್ತಿದ್ದರೋ, ಇಲ್ಲ ಟೀಚರಿಗೆ ಹಾರ್ಸ್‌ಪವರಿನ ಮೇಲೆ ಅರ್ಧ ಗಂಟೆ ಲೆಕ್ಚರ್ ಕೊಡುತ್ತಿದ್ದರೋ. ಅಳಿಯನಿಗೆ ಕೊನೆಯದಾಗಿ ಇಷ್ಟು ಹೇಳಿದೆ: ಮಾರುವ ಫಾರಮ್ಮಿಗೆ ನನ್ನ ಸಹಿ ಬೇಕು, ನನ್ನ ಹೆಬ್ಬೆರಳು ಬೇಕು, ಎರಡೂ ನನ್ನ ಹತ್ತಿರವೇ ಇವೆ. ಆಮೇಲೆ ಟ್ಯೂನರಿಗೆ ಎರಡೂ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಕಳಿಸಿದೆ, ಒಂದು ಮಾತೂ ಬರೆಯದೆ. ಒಂದು ಗಂಟೆಯೊಳಗೆ ಬೇರೆ ಮ್ಯಾಪ್ ಬಂತು. ಬರೆದೆ, ಓಡಿಸಿದೆ, ಕಳಿಸಿದೆ. ಅವನು ತಿದ್ದಿದ, ಮತ್ತೆ ಬರೆದೆ. ನಾಲ್ಕನೆಯದು ಸರಿಯಾಯಿತು. ಬೇಸ್‌ಮೆಂಟಿನ ಏರಿನಲ್ಲಿ ಕಾರು ಉಸಿರೆತ್ತದೆ ಮೇಲೆ ಬಂತು.

"ಏನಕ್ಕಾ, ಇವತ್ತು ಮೌನವ್ರತವಾ ನಿಮ್ಮ ಕಾರು?" ಎಂದರು ಟೀಚರ್.

ಒಂದು ಮಾತು ಟ್ಯೂನರಿನ ಪರವಾಗಿಯೂ ಹೇಳಬೇಕು. ಕೆಲಸ ಎಂದು ಮಾಡಿದಾಗ ಚೆನ್ನಾಗಿಯೇ ಮಾಡಿದ. ಮಾಡಬಲ್ಲವನೇ ಆಗಿದ್ದ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಆಮೇಲೆ ಎರಡು ವರ್ಷ. ಲಾಕ್‌ಡೌನ್ ತೆಗೆದರು, ಹಾಕಿದರು, ಬೇರೆ ಹೆಸರಿಟ್ಟು ಮತ್ತೆ ಹಾಕಿದರು. ಸೋಮ, ಬುಧ, ಶುಕ್ರ ನಾವಿಬ್ಬರು ಹೋದೆವು. ಬರುವಾಗ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದೆವು. ಟೀಚರ್ ತಾವು ತಿನ್ನಬಾರದ ಸಾರನ್ನು ಬೆರಳ ತುದಿಯಲ್ಲಿ ಮುಟ್ಟಿ ನೆಕ್ಕಿ, "ನರ್ಸಿಗೆ ಹೇಳಬೇಡಿ" ಎನ್ನುತ್ತಿದ್ದರು. ಆ ಎರಡು ವರ್ಷದಲ್ಲಿ ಕಾರಿನಿಂದಾಗಿ ಒಂದು ದಿನವೂ ತಡವಾಗಲಿಲ್ಲ.

ಗಡಿ ತೆರೆದ ಮೇಲೆ ಅವರ ಮಗ ಬಂದ. ಸಿಂಗಾಪುರದ ಗಡಿಯ ಈಚೆ, ಜೋಹೋರಿನಲ್ಲಿ ಮನೆ ಮಾಡಿದ್ದ, ಹತ್ತಿರವೇ ಡಯಾಲಿಸಿಸ್ ಸೆಂಟರು. ತಾಯಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಮಗ ಬಂದು ತಾಯಿಯನ್ನು ಕರೆದರೆ ಎದುರು ಮನೆಯವಳು ಏನು ಹೇಳಲು ಆಗುತ್ತದೆ? ಅಂದು ಭಾನುವಾರ, ನನ್ನ ಮಗಳು, ಅಳಿಯ ಬಂದಿದ್ದರು. ಅಳಿಯ ಸೂಟ್‌ಕೇಸುಗಳನ್ನು ಇಳಿಸಿಕೊಟ್ಟ. ಟೀಚರ್ ಮಗನ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಗ ಡಿಕ್ಕಿ ಮುಚ್ಚಿ, ನಮ್ಮ ಅಳಿಯನ ಕೈ ಹಿಡಿದು ಕುಲುಕಿದ.

"ಥ್ಯಾಂಕ್ಸ್ ಬ್ರೋ. ಟೂ ಇಯರ್ಸ್ ನಿಮ್ಮ ಕಾರು ಕೊಟ್ರಿ. ಬೇರೆ ಯಾರು ಕೊಡ್ತಾರೆ?"

"ಇಟ್ಸ್ ಓಕೆ ಬ್ರೋ," ಎಂದ ಅಳಿಯ.

ನಾನು ಅಲ್ಲೇ, ಎರಡು ಅಡಿ ದೂರದಲ್ಲಿ, ಟೀಚರಿಗೆಂದು ತಂದ ದಿಂಬು ಹಿಡಿದುಕೊಂಡು ನಿಂತಿದ್ದೆ.

ಕಾರಿನೊಳಗಿನಿಂದ ಟೀಚರ ಧ್ವನಿ ಬಂತು, ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ಧ್ವನಿ. "ಇಲ್ಲಿ ಬಾ. ಕಾರು ಯಾರದು ಅಂತ ಕೇಳಿದೆಯಾ? ಓಡಿಸಿದ್ದು ಯಾರು ಅಂತ ಕೇಳಿದೆಯಾ? ಹೋಗಿ ಅವರಿಗೆ ಹೇಳು. ಮಾಸ್ಕ್ ತೆಗೆದು ಹೇಳು, ನಿನ್ನ ಮುಖ ಕಾಣಬೇಕು."

ನಲವತ್ತು ದಾಟಿದ ಮಗ ಮಾಸ್ಕ್ ಗದ್ದಕ್ಕಿಳಿಸಿಕೊಂಡು ನನ್ನ ಮುಂದೆ ಬಂದು ನಿಂತ. "ಸಾರಿ ಆಂಟಿ. ಥ್ಯಾಂಕ್ಯೂ ಆಂಟಿ." ನಮ್ಮ ಅಳಿಯ ಲಿಫ್ಟಿನ ಕಡೆ ನೋಡುತ್ತಿದ್ದ.

ನಾನು ದಿಂಬನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ಟೀಚರ್ ಅದನ್ನು ಸೂಜಿ ಚುಚ್ಚುವ ಎಡಗೈಯ ಕೆಳಗೆ ಇಟ್ಟುಕೊಂಡರು. ಅವರಿಗೆ ನನ್ನ ಜೊತೆ ಮಾತಾಡಲು ಪುರುಸೊತ್ತಿರಲಿಲ್ಲ. ಮಗ ಸೀಟಿಗೆ ಬಂದು ಕೂತದ್ದೇ ಅವನ ಭುಜಕ್ಕೆ ಬಲಗೈಯ ಬೆರಳು ತಟ್ಟಿ ತಟ್ಟಿ ತಮಿಳಿನಲ್ಲಿ ಬೈಯತೊಡಗಿದರು. ಕಾರು ಗಾರ್ಡಿನ ಗೇಟಿನ ಬಳಿ ನಿಂತಾಗಲೂ ಆ ಬೆರಳು ತಟ್ಟುತ್ತಲೇ ಇತ್ತು. ಗೇಟು ಎತ್ತಿತು, ಕಾರು ಎಡಕ್ಕೆ ತಿರುಗಿತು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ, ನನ್ನ ಕಡೆಗೆ ಬೆನ್ನು ಮಾಡಿ, ನನ್ನ ಪರವಾಗಿ ಜಗಳ ಆಡುತ್ತಾ.